ಗುಡ್ಡಕ್ಕೆ ಬಡ್ತಿ

ಕೋಲಾರದ ಚಿನ್ನದ ಗಣಿಯಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಬಡ್ತಿ ಎನ್ನುವುದು ಯಾವ ಕಾಲಕ್ಕೂ ಸುಲಭವಾಗಿ ಸಿಕ್ಕಿದ್ದಲ್ಲ. ಅಪ್ಪ ಇಳಿದ ಶಾಫ್ಟಿನಲ್ಲೇ ಮಗ ಇಳಿದ, ಮೊಮ್ಮಗನೂ ಇಳಿದ. ಮೂರು ತಲೆಮಾರು ಸೇರಿ ಮೂರು ಕಿಲೋಮೀಟರ್ ಕೆಳಗೆ ಹೋದರೇ ಹೊರತು ಹುದ್ದೆಯಲ್ಲಿ ಮೂರು ಮೆಟ್ಟಿಲು ಮೇಲೆ ಹತ್ತಿದವರು ಕಡಿಮೆ. ಅಂಥ ಊರಿನಲ್ಲಿ ಈಚೆಗೆ ಒಬ್ಬರಿಗೆ ಭರ್ಜರಿ ಬಡ್ತಿಯಾಗಿದೆ. ಇವರು ಒಂದು ದಿನ ಮೈ ಬಗ್ಗಿಸಿದವರಲ್ಲ, ಕೂತ ಜಾಗ ಬಿಟ್ಟು ಎದ್ದವರೂ ಅಲ್ಲ. ಗಾಳಿ ಬಂದಾಗ ಊರವರ ಕಣ್ಣಿಗೆ ಮಣ್ಣೆರಚಿದ್ದೊಂದೇ ಇವರ ಸೇವಾ ದಾಖಲೆ. ಇಂಥವರಿಗೇ ತಾನೆ ಬಡ್ತಿ ಸಿಗುವುದು, ಅದರಲ್ಲೇನು ವಿಶೇಷ ಎಂದು ಸರ್ಕಾರಿ ಕಚೇರಿಗಳ ಅನುಭವ ಇದ್ದವರು ಕೇಳಬಹುದು. ವಿಶೇಷ ಏನೆಂದರೆ ಈ ಸಲದ ಫಲಾನುಭವಿ ಒಂದು ಗುಡ್ಡ. ಕಡತದ ಪ್ರಕಾರ ಹೇಳುವುದಾದರೆ ಹದಿಮೂರು ಗುಡ್ಡ.

ಊರವರು ಇವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಮನೆಯಲ್ಲಿ ತಮಿಳು ಮಾತಾಡುವವರಿಗೆ ಸೈನೈಡ್ ಮಲೈ. ದೂರದಿಂದ ನೋಡಿದರೆ ಬೂದಿ ಬಣ್ಣದ, ತಲೆ ಚಪ್ಪಟೆಯಾದ ಬೆಟ್ಟದ ಸಾಲು. ಹತ್ತಿರ ಹೋದರೆ ಮೈದಾಹಿಟ್ಟಿನಷ್ಟು ನುಣುಪಾದ ಮರಳು, ಅದರ ಮೈತುಂಬ ಮಳೆ ಕೊರೆದ ಕೊರಕಲು, ಬುಡದಲ್ಲಿ ಒಂದಿಷ್ಟು ಜಾಲಿ, ಅಲ್ಲಲ್ಲಿ ಮಣ್ಣು ಹಿಡಿದಿಟ್ಟುಕೊಳ್ಳಲೆಂದು ನೆಟ್ಟು ಮರೆತ ಗಿಡ. ಬೇಸಿಗೆಯಲ್ಲಿ ಬರಿಗಾಲಲ್ಲಿ ಏರಲಾಗದು, ಮಳೆಗಾಲದಲ್ಲಿ ಚಪ್ಪಲಿ ಹಾಕಿ ಇಳಿಯಲಾಗದು. ಒಟ್ಟು ಸಾವಿರದ ಮೂರು ಎಕರೆ ಹರಡಿಕೊಂಡಿರುವ ಈ ರಾಶಿಯ ತೂಕ ಸರ್ಕಾರಿ ಅಂದಾಜಿನಲ್ಲಿ ಸುಮಾರು 3.3 ಕೋಟಿ ಟನ್.

ಈ ಗುಡ್ಡಗಳನ್ನು ದೇವರು ಮಾಡಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಶುರುವಾದ ಕೆಲಸ ಅದು. ಕೆಳಗಿನಿಂದ ಬಂಡೆ ಮೇಲೆ ಬರುತ್ತಿತ್ತು. ಮಿಲ್ಲಿನಲ್ಲಿ ಕುಟ್ಟಿ ಹಿಟ್ಟು ಮಾಡಿ, ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸಿ, ಸಿಕ್ಕಷ್ಟು ಚಿನ್ನವನ್ನು ಅಲ್ಲೇ ಹಿಡಿಯುತ್ತಿದ್ದರು. ತಪ್ಪಿಸಿಕೊಂಡ ಚಿನ್ನವನ್ನು ಹಿಡಿಯಲು 1887ರಲ್ಲಿ ಗ್ಲಾಸ್ಗೋದಲ್ಲಿ ಹೊಸ ಉಪಾಯ ಹೊಳೆಯಿತು: ಹಿಟ್ಟನ್ನು ಸೈನೈಡ್ ಬೆರೆಸಿದ ನೀರಿನಲ್ಲಿ ನೆನೆಹಾಕಿದರೆ ಚಿನ್ನ ಕರಗಿ ನೀರಿಗಿಳಿಯುತ್ತದೆ, ಆ ನೀರನ್ನು ಸತುವಿನ ಚೂರುಗಳ ಮೇಲೆ ಹರಿಸಿದರೆ ಚಿನ್ನ ಮತ್ತೆ ಹೊರಬೀಳುತ್ತದೆ. ಚಿನ್ನ ಬಿಸ್ಕತ್ತಾಗಿ ಲಂಡನ್ನಿಗೆ ಹೋಯಿತು. ನೆನೆದ ಹಿಟ್ಟು ಮಿಲ್ಲಿನ ಹಿಂದೆ ಬಿತ್ತು. ಸುಮಾರು ನೂರಿಪ್ಪತ್ತು ವರ್ಷದಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಊರು ಬಿಟ್ಟು ಹೋಗಿದೆ, ಮೂರು ಕೋಟಿ ಟನ್ ಮರಳು ಊರಿನಲ್ಲೇ ಉಳಿದಿದೆ. ಪಾಲು ಹಂಚುವಾಗ ಸ್ಥಳೀಯರಿಗೆ ಅನ್ಯಾಯವಾಯಿತು ಎಂದು ಕೂಗುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು. ತೂಕದ ಲೆಕ್ಕದಲ್ಲಿ ದೊಡ್ಡ ಪಾಲು ನಮ್ಮದೇ.

ಇಷ್ಟು ಕಾಲ ಈ ಗುಡ್ಡಕ್ಕೆ ಯಾವ ಹುದ್ದೆಯೂ ಇರಲಿಲ್ಲ. ಕಂಪನಿಯ ಬಿಳಿಯರು ಅದನ್ನು ಮರಳು ಎಂದರು, ಕೆಸರು ಎಂದರು, ಡಂಪ್ ಎಂದರು. ಡಂಪ್ ಎಂದರೆ ಸುರಿದು ಕೈತೊಳೆದುಕೊಂಡದ್ದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಬೋರ್ಡು ಬಿತ್ತು. ಬೋರ್ಡು ಬದಲಾದಾಗಲೆಲ್ಲ ಬಂಗಲೆಯಲ್ಲಿ ಕೂರುವವರೂ ಬದಲಾದರು. ಗುಡ್ಡ ಮಾತ್ರ ದಿನಗೂಲಿಯಂತೆ ಹೊರಗೇ ನಿಂತಿತ್ತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿದ್ದು ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಮನೆಗೆ ಹೋದಾಗ, ಸೇವೆಯಿಂದ ಬಿಡುಗಡೆಯಾಗದೆ ಉಳಿದ ಒಂದೇ ಸಿಬ್ಬಂದಿ ಈ ಗುಡ್ಡ. ಅದಕ್ಕೇ ಇರಬೇಕು, ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಅದರ ಹೆಸರು ಮೊದಲು ಬಂದದ್ದು. ಈಗ ಕಡತದಲ್ಲಿ ಅದರ ಪದನಾಮ ಟೇಲಿಂಗ್ಸ್.

ಇಂಗ್ಲಿಷ್ ಬಲ್ಲವರಲ್ಲೂ ಈ ಪದವನ್ನು ಬಾಯಲ್ಲಿ ಆಡುವವರು ಅಪರೂಪ. ನಿಘಂಟು ತೆರೆದು ನೋಡಿದೆ. ಇಂಗ್ಲಿಷಿನ ಪದ ಹೊಲದಿಂದ ಬಂದಂತೆ ಕಾಣುತ್ತದೆ. ಕಾಳು ತೂರುವಾಗ, ಹಿಟ್ಟು ಬೀಸುವಾಗ ಯಂತ್ರದ ಬಾಲದ ಕಡೆ ಬೀಳುವ ಕಳಪೆ ಮಾಲು ಟೇಲಿಂಗ್ಸ್. ಅಲ್ಲಿಂದ ಅದು ಗಣಿಗೆ ನಡೆದು ಬಂತು. ದಾರಿಯಲ್ಲಿ ಬೇರೆ ಬೇರೆ ಕಸುಬಿನವರ ಮನೆಯಲ್ಲೂ ತಂಗಿತು. ಗಾರೆ ಕೆಲಸದವರಿಗೆ, ಗೋಡೆಯಿಂದ ಹೊರಚಾಚಿದ ಕಲ್ಲಿನ ಒಳಗೆ ಹುದುಗಿರುವ ತುದಿ ಅದು. ಯಾರ ಕಣ್ಣಿಗೂ ಬೀಳದೆ ಭಾರವನ್ನೆಲ್ಲ ಹೊರುವ ಭಾಗ. ಬಟ್ಟೆಗೆ ಅಚ್ಚು ಹಾಕುವವರಿಗೆ, ಬಣ್ಣ ಕದಡಿ ಅಂಚು ಮಸುಕಾದ ಜಾಗ. ರಸಾಯನ ಪ್ರಯೋಗಾಲಯದವರಿಗೆ, ನಕ್ಷೆಯಲ್ಲಿ ಮೇಲೇರಿದ ಗೀಟು ಥಟ್ಟನೆ ಕೆಳಗಿಳಿಯದೆ ಎಳೆದುಕೊಂಡು ಹೋಗುವ ದೋಷ. ಪೊಲೀಸರಿಗೆ ಟೇಲಿಂಗ್ ಎಂದರೆ ಒಬ್ಬನ ಬೆನ್ನು ಹತ್ತಿ ಹೋಗುವುದು.

ಇಷ್ಟೊಂದು ಅರ್ಥಗಳಲ್ಲಿ ಕೆಜಿಎಫ್‌ಗೆ ಒಗ್ಗದ್ದು ಒಂದೂ ಇಲ್ಲ ಎನ್ನುವುದೇ ಸೋಜಿಗ. ಗೋಡೆಯೊಳಗೆ ಕಣ್ಣಿಗೆ ಬೀಳದೆ ಭಾರ ಹೊತ್ತವರು ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದರು. ಅಂಚು ಮಸುಕಾದ ಬಟ್ಟೆ ನೋಡಬೇಕಾದರೆ ಗಣಿ ಜಮೀನು ಎಲ್ಲಿ ಮುಗಿದು ಕಂದಾಯ ಜಮೀನು ಎಲ್ಲಿ ಶುರುವಾಗುತ್ತದೆ ಎಂದು ಯಾವುದಾದರೂ ಕಚೇರಿಯಲ್ಲಿ ಕೇಳಿ. ಎಳೆದುಕೊಂಡು ಹೋಗುವ ಗೀಟಿಗೆ ಗಣಿ ಪುನರಾರಂಭದ ಭರವಸೆಯಷ್ಟು ಒಳ್ಳೆಯ ಉದಾಹರಣೆ ಪ್ರಯೋಗಾಲಯದವರಿಗೂ ಸಿಗಲಾರದು. 2001ರಿಂದ ಎಷ್ಟು ಚುನಾವಣೆ ಬಂದಿವೆಯೋ ಅಷ್ಟೂ ಸಲ ಗಣಿ ತೆರೆದಿದೆ, ಮತ ಎಣಿಕೆ ಮುಗಿದ ಸಂಜೆ ಮುಚ್ಚಿದೆ. ಬೆನ್ನು ಹತ್ತುವ ವಿಚಾರ ಆಮೇಲೆ ಬರುತ್ತದೆ.

ಕನ್ನಡದಲ್ಲಿ ಇದಕ್ಕೆ ಪದವಿಲ್ಲವೇ ಎಂದರೆ, ಕಣದಲ್ಲಿ ಜೊಳ್ಳಿದೆ, ಗಿರಣಿಯಲ್ಲಿ ಹೊಟ್ಟಿದೆ, ಪಾತ್ರೆಯ ತಳದಲ್ಲಿ ಗಸಿ ಇದೆ, ಗಾಣದಲ್ಲಿ ಹಿಂಡಿ ಇದೆ. ಸರ್ಕಾರಿ ಭಾಷಾಂತರಕಾರರು ಇವುಗಳ ಕಡೆ ತಲೆ ಹಾಕಿ ಮಲಗುವವರಲ್ಲ. ಅವರಿಗೆ ಬಿಟ್ಟರೆ ‘ಅಂತ್ಯಾವಶಿಷ್ಟ ಖನಿಜಾಂಶ ಸಂಚಯ’ ಎಂದೇನಾದರೂ ಮಾಡಿ, ಗುಡ್ಡವನ್ನು ಇನ್ನೂ ಹತ್ತು ಅಡಿ ಎತ್ತರಿಸಿಯಾರು. ಸದ್ಯ ಆ ಕೆಲಸ ಆಗಿಲ್ಲ. ಪ್ರಕಟಣೆಗಳಲ್ಲಿ ‘ಟೇಲಿಂಗ್ ಡಂಪ್’ ಎಂದೇ ಇದೆ. ಹಿಂಡಿ ಎಂದು ಬರೆದರೆ ಒಂದು ತೊಂದರೆಯೂ ಉಂಟು. ಎಣ್ಣೆ ಗಾಣದವನು ತೆಗೆದುಕೊಂಡ ಮೇಲೆ ಹಿಂಡಿ ಎಳ್ಳು ತಂದವನ ದನಕ್ಕೆ ಸೇರಬೇಕು ಎನ್ನುವ ಹಳೆಯ ನ್ಯಾಯ ಊರವರಿಗೆ ನೆನಪಾದೀತು. ಟೇಲಿಂಗ್ಸ್ ಎಂದರೆ ಯಾವ ನ್ಯಾಯವೂ ನೆನಪಾಗುವುದಿಲ್ಲ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಹದಿಮೂರು ರಾಶಿಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಜೊತೆಗೆ ಗಣಿ ಕಂಪನಿ ತನಗೆ ಕೊಡಬೇಕಾದ 75 ಕೋಟಿ ರೂಪಾಯಿ ಬಾಕಿ ಕಟ್ಟಲಿ ಎಂದೂ ಹೇಳಿತು. ಹರಾಜಿಗೆ ಒಪ್ಪಿಗೆ ಸಿಕ್ಕ ಸುದ್ದಿ ಬಂದ ದಿನವೇ ಗಣಿ ಮತ್ತೆ ಶುರುವಾಗಿಬಿಟ್ಟಿತು ಎಂದು ಕೆಲವರು ಪಟಾಕಿ ತಂದರು. ಬಂಡೆ ಅಗೆಯುವುದು ಬೇರೆ, ಮರಳು ಜರಡಿ ಹಿಡಿಯುವುದು ಬೇರೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳುವ ಜವಾಬ್ದಾರಿ ಇದ್ದವರು ಫೋಟೊಗೆ ನಿಂತಿದ್ದರು.

ಲೆಕ್ಕ ನೋಡಿ. ಗಣಿಯ ಮೊದಲ ದಿನಗಳಲ್ಲಿ ಒಂದು ಟನ್ ಅದುರಿಗೆ ನಲವತ್ತು ಗ್ರಾಂ ದಾಟಿ ಚಿನ್ನ ಸಿಗುತ್ತಿತ್ತು. ಕೊನೆಗಾಲಕ್ಕೆ ಅದು ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಮೂರು ಗ್ರಾಮಿಗೆ ಗಣಿ ನಡೆಸುವುದು ನಷ್ಟ, ದೇಶಕ್ಕೆ ಹೊರೆ, ಮುಚ್ಚುವುದೇ ದಾರಿ ಎಂದರು. ಮುಚ್ಚಿದರು. ಹರಾಜಿಗೆ ಒಪ್ಪಿಗೆ ಸಿಕ್ಕ ಗುಡ್ಡದಲ್ಲಿ ಟನ್ನಿಗೆ ಎಷ್ಟಿದೆ? ಅಂದಾಜು ಒಂದು ಗ್ರಾಂ, ಅದೂ ಕಷ್ಟಪಟ್ಟರೆ. ಹತ್ತು ಟನ್ನಿನ ಲಾರಿ ತುಂಬ ಮರಳು ಸೋಸಿದರೆ ಮದುಮಗಳ ಕಿವಿಗೆ ಒಂದು ಜೊತೆ ಓಲೆ ಆದೀತು, ಜುಮಕಿಗೆ ಸಾಲದು. ಮೂರು ಗ್ರಾಂ ನಷ್ಟವಾಗಿದ್ದು ಒಂದು ಗ್ರಾಂ ಲಾಭವಾದದ್ದು ಹೇಗೆ? ಒಂದು ಕಾರಣ ಚಿನ್ನದ ಬೆಲೆ. 2001ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕೂವರೆ ಸಾವಿರ ರೂಪಾಯಿಯ ಹತ್ತಿರವಿತ್ತು. ಇವತ್ತು ಅಷ್ಟು ದುಡ್ಡಿಗೆ ಅರ್ಧ ಗ್ರಾಮೂ ಬಾರದು. ಇನ್ನೊಂದು ಕಾರಣವೇ ಮುಖ್ಯವಾದದ್ದು. ಗುಡ್ಡ ನೆಲದ ಮೇಲಿದೆ. ಯಾರನ್ನೂ ಕೆಳಗಿಳಿಸುವ ಖರ್ಚಿಲ್ಲ, ಒಡೆಯುವ ಖರ್ಚಿಲ್ಲ, ಕುಟ್ಟುವ ಖರ್ಚೂ ಮುಕ್ಕಾಲು ಮುಗಿದಿದೆ. ಇಳಿಯಬೇಕಾದವರು ಆಗಲೇ ಇಳಿದು, ಒಡೆದು, ಮೇಲೆ ತಂದು, ಪುಡಿ ಮಾಡಿ ಇಟ್ಟು ಹೋಗಿದ್ದಾರೆ. ಹರಾಜಿನ ಷರತ್ತುಗಳಲ್ಲಿ ‘ಪೂರ್ವಸಿದ್ಧತೆ: ಮೂರು ತಲೆಮಾರು’ ಎಂಬ ಸಾಲೊಂದನ್ನು ಸೇರಿಸಿದ್ದರೆ ಬಿಡ್‌ದಾರರಿಗೆ ಇನ್ನೂ ಅನುಕೂಲವಾಗುತ್ತಿತ್ತು.

ಆಂಡರ್ಸನ್‌ಪೇಟೆಯ ಒಂದು ಟೀ ಅಂಗಡಿಯಲ್ಲಿ ನಿವೃತ್ತ ಮಿಲ್ ಕಾರ್ಮಿಕರೊಬ್ಬರ ಜೊತೆ ಈ ಬಡ್ತಿಯ ವಿಷಯ ಮಾತಾಡಿದೆ. ಎಂಬತ್ತರ ಹತ್ತಿರದ ವಯಸ್ಸು, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

“ತಾತಾ, ಅದಕ್ಕೆ ಈಗ ಟೇಲಿಂಗ್ಸ್ ಅಂತಾರೆ.”

“ಯಾವುದಕ್ಕಪ್ಪ?”

“ಸೈನೈಡ್ ಗುಡ್ಡಕ್ಕೆ.”

“ನಾವು ಮಿಲ್ಲಲ್ಲಿದ್ದಾಗಲೂ ದೊರೆಗಳು ಅಂಗೇ ಅಂತಿದ್ರು. ಆಗ ಅದು ಬೈಗುಳ. ಟೇಲಿಂಗ್ಸಲ್ಲಿ ಚಿನ್ನ ಜಾಸ್ತಿ ಹೋಯ್ತು ಅಂತ ಶಿಫ್ಟ್ ಬಾಸ್ ನಮ್ಮ ಮೇಲೆ ಎಗರಾಡೋನು. ಅವತ್ತು ಬೈದಿದ್ದಕ್ಕೆ ಇವತ್ತು ಹರಾಜು ಹಾಕ್ತಾರಂತಾ?”

“ಹಾಕ್ತಾರಂತೆ.”

“ಅಂಗಾದ್ರೆ ನಾವು ಸರಿಯಾಗಿ ಕೆಲಸ ಮಾಡದೆ ಇದ್ದಿದ್ರೆ ಇನ್ನೂ ಒಳ್ಳೇದಿತ್ತು, ಅಲ್ವಾ ತಂಬಿ? ಗುಡ್ಡದಲ್ಲಿ ಇನ್ನೂ ಎರಡು ಗ್ರಾಂ ಉಳೀತಿತ್ತು.”

ಅರ್ಥಶಾಸ್ತ್ರ ಓದದೆಯೂ ಈ ದೇಶದ ಖನಿಜ ನೀತಿಯನ್ನು ಇಷ್ಟು ಚೊಕ್ಕವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಕೆಜಿಎಫ್‌ನಲ್ಲಿ ಇಂಗ್ಲಿಷ್ ಪದಗಳು ಯಾವಾಗಲೂ ಹೀಗೆಯೇ ತಪ್ಪು ವಿಳಾಸಕ್ಕೆ ತಲುಪುತ್ತವೆ. ‘ಸಿಕ್’ ಎಂಬ ಪದವನ್ನೇ ತೆಗೆದುಕೊಳ್ಳಿ. 1992ರಲ್ಲಿ ಗಣಿ ಕಂಪನಿಯನ್ನು ಕಾಯಿಲೆ ಬಿದ್ದ ಕೈಗಾರಿಕೆ ಎಂದು, ಅಂಥವನ್ನು ನೋಡಿಕೊಳ್ಳುವ ಸರ್ಕಾರಿ ಮಂಡಳಿಯ ಮುಂದೆ ಒಯ್ದರು. ತಪಾಸಣೆ, ವರದಿ, ಪುನಶ್ಚೇತನದ ಚೀಟಿ, ಮತ್ತೆ ತಪಾಸಣೆ. ಎಂಟು ವರ್ಷ ಉಪಚಾರ ನಡೆದ ಮೇಲೆ ಇನ್ನು ಉಳಿಯುವುದಿಲ್ಲ ಎಂದರು. ಕಂಪನಿಗೆ ಬಂದದ್ದು ಲೆಕ್ಕಪುಸ್ತಕದ ಕಾಯಿಲೆ. ಅದಕ್ಕಿಂತ ಅರ್ಧ ಶತಮಾನ ಮೊದಲು, 1940ರಿಂದ 46ರ ನಡುವೆ, ವೈದ್ಯರು ಇಲ್ಲಿನ 7,653 ಕಾರ್ಮಿಕರ ಎದೆ ಪರೀಕ್ಷೆ ಮಾಡಿದ್ದರು. ನೂರಕ್ಕೆ 43ಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ಕೂತಿತ್ತು, ಸಿಲಿಕೋಸಿಸ್. ಮೈಸೂರು ಸಂಸ್ಥಾನ 1940ರಲ್ಲಿ ಈ ರೋಗಕ್ಕೆ ಪರಿಹಾರದ ನಿಯಮ ಮಾಡಿತ್ತು ಎನ್ನುವುದನ್ನು ಒಪ್ಪಬೇಕು. ಆದರೂ ಕೆಮ್ಮುವವನು ತನಗೆ ಕಾಯಿಲೆ ಎಂದು ಸಾಬೀತು ಮಾಡಲು ಪಟ್ಟ ಪಾಡನ್ನು ಕಂಪನಿ ಪಡಲಿಲ್ಲ. ಕಂಪನಿಗೆ ಎಕ್ಸ್‌ರೇ ಬೇಕಿರಲಿಲ್ಲ, ಆಡಿಟರ್ ಸಹಿ ಸಾಕಿತ್ತು.

ಆ ಕೆಮ್ಮಿನ ಕಲ್ಲುಪುಡಿ ಮತ್ತು ಗುಡ್ಡದ ಕಲ್ಲುಪುಡಿ ಒಂದೇ ಬಂಡೆಯವು. ಗುಡ್ಡದಲ್ಲಿ ಬಿದ್ದದ್ದನ್ನು ಟನ್ನುಗಟ್ಟಲೆ ಅಳೆದಿದ್ದಾರೆ. ಎದೆಯಲ್ಲಿ ಬಿದ್ದದ್ದನ್ನು ಹೂತರು, ಸುಟ್ಟರು. ಅದನ್ನು ಯಾವ ಪಟ್ಟಿಯಲ್ಲೂ ಸಂಪನ್ಮೂಲವೆಂದು ತೋರಿಸಿಲ್ಲ. ಇದು ಗಣಿ ಇಲಾಖೆಯ ಲೋಪವೆಂದೇ ನನ್ನ ಭಾವನೆ.

ಗುಡ್ಡಕ್ಕೆ ನಡುವೆ ಒಂದು ಪ್ರಭಾರ ಹುದ್ದೆಯೂ ಸಿಕ್ಕಿತ್ತು, ಸಿನಿಮಾದಲ್ಲಿ. 2018ರಲ್ಲಿ ಊರಿನದೇ ಹೆಸರು ಹೊತ್ತ ಚಿತ್ರ ಬಂತು, 2022ರಲ್ಲಿ ಅದರ ಎರಡನೇ ಭಾಗ. ಗುಡ್ಡದ ಮೇಲೆ ಸೆಟ್ ಹಾಕಿ, ಮಸಿ ಬಳಿದು, ಬೆಂಕಿ ಹಚ್ಚಿ, ದೇಶವೇ ಬೆರಗಾಗುವಂಥ ನರಕ ಸೃಷ್ಟಿಸಿದರು. ಅಲ್ಲಿಂದೀಚೆ ಕೆಜಿಎಫ್‌ಗೆ ಬರುವವರು ಚಾಂಪಿಯನ್ ರೀಫ್ ಗಣಿ ಎಲ್ಲಿ ಎಂದು ಕೇಳುವುದಿಲ್ಲ, ಚಿತ್ರದೊಳಗಿನ ನರಾಚಿ ಎಲ್ಲಿ ಎಂದು ಕೇಳುತ್ತಾರೆ. ಇಲ್ಲದ ಊರಿಗೆ ದಾರಿ ಹೇಳುವುದು ಇಲ್ಲಿನ ಆಟೋದವರಿಗೆ ಈಗ ರೂಢಿಯಾಗಿದೆ. ಇದಲ್ಲ ತಮಾಷೆ. 2019ರಲ್ಲಿ ಎರಡನೇ ಭಾಗದ ಚಿತ್ರೀಕರಣದಿಂದ ಸೈನೈಡ್ ಗುಡ್ಡದ ಪರಿಸರ ಹಾಳಾಗುತ್ತದೆ ಎಂಬ ದೂರು ಹೋಗಿ ಸ್ಥಳೀಯ ನ್ಯಾಯಾಲಯ ತಡೆ ಕೊಟ್ಟಿತು. ದೂರಿನ ತಿರುಳು ಸರಿಯಾದದ್ದೇ, ಕೆದಕಿದಷ್ಟೂ ದೂಳು ಏಳುತ್ತದೆ. ಆದರೂ ಸೈನೈಡ್ ಸುರಿದು ಮಾಡಿದ ಗುಡ್ಡಕ್ಕೆ ಕ್ಯಾಮೆರಾದಿಂದ ಧಕ್ಕೆ ಬರುತ್ತದೆ ಎಂದು ರಕ್ಷಣೆ ಸಿಕ್ಕಿತಲ್ಲ, ಅದರ ಬುಡದಲ್ಲಿ ನೂರು ವರ್ಷ ಉಸಿರಾಡಿದವರಿಗೆ ಆ ವೇಗದಲ್ಲಿ ಒಂದು ತಡೆಯಾಜ್ಞೆ ಸಿಕ್ಕಿದ್ದು ನನಗೆ ತಿಳಿದಿಲ್ಲ. ಗುಡ್ಡಕ್ಕೆ ಆಗಲೇ ಮೇಲಿನವರ ಕೃಪೆ ಇತ್ತು ಎನ್ನಲು ಇದಕ್ಕಿಂತ ಬೇರೆ ಸುಳಿವು ಬೇಡ.

ಬಡ್ತಿಯ ವಿಚಾರದಲ್ಲಿ ಪಕ್ಕದ ಬಂಗಾರಪೇಟೆಯದು ಇನ್ನೂ ದೊಡ್ಡ ಕತೆ. ಅಲ್ಲಿ ಒಂದು ಗುಂಜಿ ಚಿನ್ನ ಅಗೆದವರಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ಊರದು. ಆ ಪುಣ್ಯಾತ್ಮ 1870ರಲ್ಲಿ ಅಧಿಕಾರ ಬಿಟ್ಟು ಹೊರಟಿದ್ದರು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದ ಐರಿಷ್ ಸೈನಿಕ ಮೈಕೆಲ್ ಲವೆಲ್ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆ ಚಿನ್ನ ಹುಡುಕಿಕೊಂಡು ಹೋದದ್ದು ಆಮೇಲೆ. ಗಣಿಗೂ ಬೌರಿಂಗ್‌ಗೂ ನಂಟಿಲ್ಲ. 1894ರಲ್ಲಿ ಗಣಿಗೆ ರೈಲು ಹಳಿ ಕವಲೊಡೆದದ್ದು ಆ ಊರಿನಿಂದ ಎಂಬುದೊಂದೇ ಸಂಬಂಧ. ಬೌರಿಂಗ್ ಜನರ ಬಾಯಲ್ಲಿ ಬಿದ್ದು ಉರುಳಿ ಉರುಳಿ ಬಂಗಾರವಾದ. ಪಾದರಸವಿಲ್ಲ, ಸೈನೈಡಿಲ್ಲ, ಸತುವಿಲ್ಲ, ಹಿಂದೆ ಗುಡ್ಡವೂ ಉಳಿಯಲಿಲ್ಲ. ಇಷ್ಟು ಶುದ್ಧವಾಗಿ ಚಿನ್ನ ತೆಗೆದ ಇನ್ನೊಂದು ವಿಧಾನ ಲೋಹಶಾಸ್ತ್ರದ ಚರಿತ್ರೆಯಲ್ಲಿಲ್ಲ. ಚಿನ್ನ ಹುಡುಕಿದ ಲವೆಲ್‌ಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಒಂದು ರಸ್ತೆ. ಅಲ್ಲಿ ಈಗ ಒಂದು ಕಪ್ ಕಾಫಿಗೆ ಕೊಡುವ ದುಡ್ಡಿನಲ್ಲಿ ಬಂಗಾರಪೇಟೆಯಲ್ಲಿ ಮನೆಮಂದಿಯೆಲ್ಲ ಪಾನಿಪೂರಿ ತಿನ್ನಬಹುದು.

ಪಾನಿಪೂರಿಯ ಮಾತು ಬಂತಾದ್ದರಿಂದ ಹೇಳುತ್ತೇನೆ. ಬಂಗಾರಪೇಟೆ ಪಾನಿಯ ಹೆಗ್ಗಳಿಕೆ ಅದಕ್ಕೆ ಬಣ್ಣವೇ ಇಲ್ಲದಿರುವುದು. ನೋಡಿದರೆ ನಲ್ಲಿ ನೀರು, ನಾಲಗೆಗೆ ಇಟ್ಟರೆ ಮೂಗಿನಲ್ಲಿ ನೀರು. ಈ ಭಾಗದಲ್ಲಿ ಹರಾಜು, ಟೆಂಡರು, ಜಂಟಿ ಸಮೀಕ್ಷೆ ಎಂದು ಏನೇ ನಡೆದರೂ ಪ್ರಕಟಣೆಯಲ್ಲಿ ‘ಪಾರದರ್ಶಕ’ ಎಂಬ ಪದ ಇದ್ದೇ ಇರುತ್ತದೆ. ನನ್ನ ಕಣ್ಣಿಗೆ ಬಿದ್ದಂತೆ ಆ ಪದಕ್ಕೆ ತಕ್ಕ ವಸ್ತು ಸ್ಟೀಲ್ ಪಾತ್ರೆಯಲ್ಲಿರುವ ಆ ಪಾನಿ ಮಾತ್ರ.

ಗಣಿಯ ಮಕ್ಕಳು ಈಗ ಆ ಕವಲು ಹಳಿಯ ಮೇಲೆಯೇ ಬದುಕುತ್ತಿದ್ದಾರೆ. ನಸುಕಿನಲ್ಲಿ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ. ರಾತ್ರಿ ಅದೇ ದಾರಿಯಲ್ಲಿ ವಾಪಸು. ಸೀಟು ಸಿಕ್ಕವರು ನಿದ್ದೆ, ಸಿಗದವರು ಕಂಬಿ ಹಿಡಿದೇ ನಿದ್ದೆ. ಅಪ್ಪಂದಿರು ದಿನಾ ಎರಡು ಮೂರು ಕಿಲೋಮೀಟರ್ ಕೆಳಗಿಳಿದು ಮೇಲೆ ಬರುತ್ತಿದ್ದರು, ಮಕ್ಕಳು ನೂರು ಕಿಲೋಮೀಟರ್ ಅಡ್ಡಡ್ಡ ಹೋಗಿ ಬರುತ್ತಾರೆ. ಇದನ್ನು ಪ್ರಗತಿ ಎನ್ನಲು ಅಡ್ಡಿಯಿಲ್ಲ, ಗಾಳಿ ಚೆನ್ನಾಗಿ ಬರುತ್ತದೆ.

ಹಾದುಹೋಗುವವರ ವಿಚಾರಕ್ಕೆ ಬಂದರೆ ಕೆಜಿಎಫ್‌ಗೆ ಜಾಗತಿಕ ದಾಖಲೆಯೊಂದಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತಿನಲ್ಲೇ ಅಂಥ ಮೊದಲ ಸಾಧನೆಗಳಲ್ಲಿ ಅದೂ ಒಂದು. ನ್ಯೂಟ್ರಿನೊ ಎನ್ನುವುದು ಆಕಾಶದಿಂದ ಬಂದು, ಮನೆ, ಮರ, ಬಂಡೆ, ಮನುಷ್ಯ ಯಾವುದಕ್ಕೂ ತಾಗದೆ, ಏನನ್ನೂ ಬಿಡದೆ, ಇನ್ನೊಂದು ಕಡೆಯಿಂದ ಹೊರಟುಹೋಗುವ ಕಣ. ಅದನ್ನು ಹಿಡಿಯಲು ಅಷ್ಟು ಆಳಕ್ಕೆ ಏಕೆ ಹೋದರೋ! ನೆಲದ ಮೇಲೆ, ಗಣಿ ಖಾತೆಯ ಸಚಿವರು ಬಂದು ಹೋಗುವ ದಿನ ಉಪಕರಣ ಇಟ್ಟಿದ್ದರೂ ಅದೇ ಫಲಿತಾಂಶ ಬರುತ್ತಿತ್ತು.

ಗುಡ್ಡಕ್ಕೆ ಬಡ್ತಿಯಾಯಿತಲ್ಲ, ಬುಡದಲ್ಲಿರುವವರಿಗೆ? ಗಣಿ ಕಾರ್ಮಿಕರ ಸಾಲುಮನೆಗಳಿಗೆ ಇಲ್ಲಿ ಲೈನ್ ಎನ್ನುತ್ತಾರೆ. ಒಂದು ಕೋಣೆ, ಮುಂದೊಂದು ಚಾಚು, ಮೇಲೆ ಶೀಟು. ಅಲ್ಲಿ ಅಜ್ಜಿಯ ಕಾಲದಿಂದ ಇರುವವರು ತಮ್ಮ ಹೆಸರಿಗೊಂದು ಹಕ್ಕುಪತ್ರ ಕೊಡಿ ಎಂದು ಕೇಳುತ್ತ ಬಂದಿದ್ದಾರೆ. ಕೇಳಿದಾಗಲೆಲ್ಲ ಇದು ಗಣಿ ಜಮೀನು, ಕೆಳಗೆ ಏನಿದೆಯೋ, ದಿಲ್ಲಿಯಿಂದ ಉತ್ತರ ಬರಬೇಕು ಎನ್ನುವ ಮಾತು. ಕಾಯಿಲೆ ಬಿದ್ದ ಕಂಪನಿ, ಪರಭಾರೆ ಸಾಧ್ಯವಿಲ್ಲ ಎನ್ನುವ ಮಾತು. ಅದೇ ಜಮೀನಿನ ಮೇಲಿನ ಮರಳಿಗೆ ಸರ್ವೆ ಆಯಿತು, ಎಕರೆ ಗುಂಟೆ ಲೆಕ್ಕ ಹಾಕಿದರು, ತೂಕ ಹಾಕಿದರು, ಸಂಪುಟದ ಒಪ್ಪಿಗೆಯೂ ಸಿಕ್ಕಿತು. ಮರಳಿಗೆ ಸಿಕ್ಕ ಸರ್ವೆ ನಂಬರು ಮನುಷ್ಯನಿಗೆ ಸಿಗಲಿಲ್ಲ. ಹಕ್ಕುಪತ್ರ ಕೇಳುವವರಿಗೆ ನಾನು ಕೊಡುವ ಸಲಹೆ ಇಷ್ಟೇ: ಅರ್ಜಿಯಲ್ಲಿ ನಿವಾಸಿ ಎಂದು ಬರೆಯಬೇಡಿ, ಟೇಲಿಂಗ್ಸ್ ಎಂದು ಬರೆಯಿರಿ. ಅದುರು ತೆಗೆದ ಮೇಲೆ ಮಿಲ್ಲಿನ ಹಿಂದೆ ಉಳಿದವರು ತಾನೆ? ಸುಳ್ಳು ಹೇಳಿದಂತಾಗುವುದಿಲ್ಲ. ಕಡತ ಆ ಕ್ಷಣವೇ ಮೇಲಿನ ಮಹಡಿಗೆ ಹೋಗುತ್ತದೆ.

ಬೆನ್ನು ಹತ್ತುವ ಅರ್ಥ ಬಾಕಿ ಇತ್ತು. ಮೈಸೂರು ಸಂಸ್ಥಾನದ ಗಣಿ ಕಾನೂನು ಬಲು ಬಿಗಿ. ಅದುರಾಗಲಿ, ಚಿನ್ನ ಬೆರೆತ ಪಾದರಸವಾಗಲಿ ಒಬ್ಬನ ಹತ್ತಿರ ಸಿಕ್ಕಿ, ಅದು ಎಲ್ಲಿಂದ ಬಂತೆಂದು ಅವನು ಸಮಾಧಾನ ಹೇಳಲಾಗದಿದ್ದರೆ ಅವನೇ ಕಳ್ಳ. ಕದ್ದದ್ದನ್ನು ಬೇರೆಯವರು ಸಾಬೀತು ಮಾಡಬೇಕಿಲ್ಲ. ಚಿನ್ನ ಕಾಯಲು ಹುಟ್ಟಿದ ಪೊಲೀಸ್ ವ್ಯವಸ್ಥೆ ಚಿನ್ನ ಹೋದ ಮೇಲೂ ಉಳಿದಿದೆ. ಜಿಲ್ಲೆ ಕೋಲಾರವಾದರೂ ಕೆಜಿಎಫ್‌ಗೆ ಇವತ್ತಿಗೂ ಪ್ರತ್ಯೇಕ ಪೊಲೀಸ್ ಜಿಲ್ಲೆ, ಪ್ರತ್ಯೇಕ ಎಸ್‌ಪಿ. ಈಗ ಗುಡ್ಡದ ಮರಳು ಅಧಿಕೃತವಾಗಿ ಖನಿಜ ಸಂಪತ್ತಾದ ಮೇಲೆ ಈ ಹಳೆಯ ತರ್ಕವನ್ನು ಮುಂದುವರಿಸದೆ ಬಿಡುವುದು ಸರ್ಕಾರದ ಬೊಕ್ಕಸಕ್ಕೆ ಮೋಸ. ಆಷಾಢದ ಗಾಳಿಗೆ ಗುಡ್ಡದಿಂದ ಎದ್ದ ಸಂಪತ್ತು ವರ್ಷಾನುವರ್ಷ ಊರವರ ಮನೆ ಸೇರಿದೆ. ಒಣಹಾಕಿದ ಬಟ್ಟೆಯಲ್ಲಿ, ರಾಗಿಹಿಟ್ಟಿನ ಡಬ್ಬದಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ, ಮಕ್ಕಳ ಮೂಗಿನಲ್ಲಿ. ಒಪ್ಪಿಗೆ ಪಡೆದವರಿಲ್ಲ, ರಾಯಧನ ಕಟ್ಟಿದವರಿಲ್ಲ. ಆದ್ದರಿಂದ ಇಲಾಖೆಯ ಅನುಕೂಲಕ್ಕೆಂದು ಒಂದು ಕರಡು ನೋಟೀಸನ್ನು ನಾನೇ ಬರೆದುಕೊಟ್ಟಿದ್ದೇನೆ:

“ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ತಮ್ಮ ವಾಸದ ಮನೆ, ಅಂಗಳ, ಮಾಳಿಗೆ ಹಾಗೂ ಶ್ವಾಸಕೋಶಗಳಲ್ಲಿ ಅನಧಿಕೃತವಾಗಿ ದಾಸ್ತಾನು ಮಾಡಿಕೊಂಡಿರುವ ಟೇಲಿಂಗ್ಸ್ ಅನ್ನು ಈ ಪ್ರಕಟಣೆಯ ದಿನಾಂಕದಿಂದ ಹದಿನೈದು ದಿನಗಳೊಳಗಾಗಿ ಸ್ವಂತ ಖರ್ಚಿನಲ್ಲಿ ಸಂಬಂಧಪಟ್ಟ ರಾಶಿಗೆ ಹಿಂದಿರುಗಿಸತಕ್ಕದ್ದು. ಯಾವ ರಾಶಿಯಿಂದ ಬಂದದ್ದು ಎಂಬ ಬಗ್ಗೆ ಗಾಳಿಯ ದಿಕ್ಕಿನ ದೃಢೀಕರಣ ಪತ್ರವನ್ನು ಲಗತ್ತಿಸತಕ್ಕದ್ದು. ತಪ್ಪಿದಲ್ಲಿ ಉಸಿರಾಟದ ಅವಧಿಗೆ ಅನುಗುಣವಾಗಿ ದಂಡ ವಿಧಿಸಲಾಗುವುದು. ಮೃತಪಟ್ಟವರ ಪರವಾಗಿ ವಾರಸುದಾರರು ಹಾಜರಾಗಬಹುದು.”

ಇದನ್ನು ಮಾರಿಕುಪ್ಪಂ ಲೈನಿನ ಒಬ್ಬ ಹೆಂಗಸಿಗೆ ಓದಿ ಹೇಳಿದೆ. ಆಕೆ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದವರು ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿದರು.

“ವಾಪಸು ಕೊಡೋದೇನು ಸಾರ್, ಕೊಡ್ತೀನಿ. ಆದ್ರೆ ನಮ್ಮತ್ತೆ ನಲವತ್ತು ವರ್ಷ, ನಾನು ಇಪ್ಪತ್ತೆಂಟು ವರ್ಷ ಇದನ್ನ ದಿನಾ ಎರಡು ಸಲ ಗುಡಿಸಿದೀವಿ. ಆ ಕೂಲಿ ಹಾಕಿದಾರಾ ಅದರಲ್ಲಿ? ಇಲ್ಲಾಂದ್ರೆ ಬರ್ಕೊಳ್ಳಿ. ಒಂದು ಮೊರಕ್ಕೆ ಇಷ್ಟು ಅಂತ ರೇಟ್ ನಾನೇ ಹೇಳ್ತೀನಿ.”